ನೀರಿಗೆ ಸಹಿ ಬೇಡ

2024ರ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಕೆಳಗಿಳಿದಿದ್ದೆ. ಗೇಟಿನ ಹತ್ತಿರ ನೀರಿನ ಟ್ಯಾಂಕರ್ ನಿಂತಿತ್ತು. ಅದೇನೂ ವಿಶೇಷವಲ್ಲ, ಆ ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕರ್ ನಿಲ್ಲದ ಗೇಟೇ ಇರಲಿಲ್ಲ. ಆದರೆ ಇದರ ಹಿಂಬದಿಯಲ್ಲಿ, ಕೆಂಪು ಬಣ್ಣದಲ್ಲಿ, ಯಾರೋ ಕೈಯಲ್ಲೇ ಬರೆದಂತೆ ಸ್ವಲ್ಪ ಓರೆಯಾಗಿ ‘ಶ್ರೀ ಸಪ್ಪಲಮ್ಮ ದೇವಿ ಪ್ರಸನ್ನ’ ಅಂತ ಇತ್ತು. ಸಪ್ಪಲಮ್ಮ ನಮ್ಮ ಅಮ್ಮನ ತವರೂರಿನ ದೇವರು. ಈ ಸೀಮೆಯಲ್ಲಿ ಇನ್ನೂ ಎಷ್ಟೋ ಊರಲ್ಲಿ ಆಕೆಯ ಗುಡಿ ಇದೆ, ಹಾಗಾಗಿ ಸುಮ್ನೆ ಕುತೂಹಲಕ್ಕೆ ಡ್ರೈವರ್ ಹುಡುಗನನ್ನು ಯಾವೂರಪ್ಪ ಅಂತ ಕೇಳಿದೆ. ಅಮ್ಮನ ಊರೇ ಹೇಳಿದ. ಯಾರ ಬೋರು ಅಂದೆ. ಅವನು ಹೇಳಿದ್ದು ನನ್ನ ಸೋದರಮಾವನ ಹೆಸರು.

ಹಾಲು ತೆಗೆದುಕೊಂಡು ಮೇಲೆ ಬಂದೆ. ಎರಡು ದಿನ ಅಮ್ಮನಿಗೆ ಹೇಳಲಿಲ್ಲ. ಹೇಳಿದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ‘ಹಂಗಾದ್ರೆ ನಾವು ದಿನಾ ಸ್ನಾನ ಮಾಡ್ತಿರೋದು ನಮ್ಮಪ್ಪನ ಹೊಲದ ನೀರಲ್ಲಾ?’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ದುಡ್ಡು ಕೊಟ್ಟು’ ಅಂತ ಸೇರಿಸಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಊರ ಹೆಸರು ಬರೆಯೋದಿಲ್ಲ. ಕೋರ್ಟಲ್ಲಿ ಕೇಸಿದೆ, ಎರಡೂ ಕಡೆಯ ಲಾಯರುಗಳಿಗೆ ಓದಲು ಬರುತ್ತದೆ. ಆನೇಕಲ್ ತಾಲ್ಲೂಕು, ಸರ್ಜಾಪುರ ಹೋಬಳಿ ಅಂದರೆ ಸಾಕು. ನಾವಿರುವ ಅಪಾರ್ಟ್‌ಮೆಂಟ್ ಸರ್ಜಾಪುರ ರಸ್ತೆಯಲ್ಲೇ, 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ (ಆಗಿನ ಬಿಬಿಎಂಪಿಗೆ) ಸೇರಿಸಿದ 110 ಹಳ್ಳಿಗಳ ಪೈಕಿ ಒಂದರಲ್ಲಿದೆ. ಅಂದರೆ ನಾವು ಪಾಲಿಕೆಯ ಗೆರೆಯ ಒಳಗೆ, ಮಾವ ಗೆರೆಯ ಹೊರಗೆ, ಪಂಚಾಯಿತಿಯಲ್ಲಿ. ನಡುವೆ ಎಂಟು ಕಿಲೋಮೀಟರ್ ಕೂಡ ಇಲ್ಲ.

ಹತ್ತು ದಿನದ ನೀರು, ಒಂದು ವರ್ಷದ ರಾಗಿ

ನಮ್ಮಲ್ಲಿ 160 ಮನೆ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ ಹಿಡಿದರೆ ದಿನಕ್ಕೆ 86,000 ಲೀಟರ್ ಚಿಲ್ಲರೆ, ಅಂದರೆ 12,000 ಲೀಟರಿನ ಏಳು ಟ್ಯಾಂಕರ್. ನಮ್ಮ ಸ್ವಂತದ ಎರಡು ಬೋರು ಆ ಫೆಬ್ರವರಿಯಲ್ಲೇ ಬತ್ತಿದ್ದವು. ಜಿಲ್ಲಾಡಳಿತ ಆ ಮಾರ್ಚ್‌ನಲ್ಲಿ ದರ ಕಟ್ಟಿತ್ತು: 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ, ಹತ್ತು ಕಿಲೋಮೀಟರ್‌ವರೆಗೆ 1,200. ಕಾಗದದಲ್ಲಿ ಚೆನ್ನಾಗಿತ್ತು. ನಮ್ಮ ಕಮಿಟಿಯ ಖಜಾಂಚಿ ಆ ಆದೇಶವನ್ನು ಪ್ರಿಂಟ್ ತೆಗೆದು ಟ್ಯಾಂಕರ್‌ನವರಿಗೆ ತೋರಿಸಿದರು, ಮಾರನೇ ದಿನ ಟ್ಯಾಂಕರ್ ಬರಲಿಲ್ಲ. ಅದರ ಮಾರನೇ ದಿನ ಆದೇಶ ಮಡಿಸಿ ಒಳಗಿಟ್ಟರು, ಟ್ಯಾಂಕರ್ ಬಂತು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಾವನ ಹೊಲಕ್ಕೆ ಹೋದೆ. ನಾನು ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಒಂದು ಟ್ಯಾಂಕರ್ ತುಂಬುತ್ತಿತ್ತು, ಇನ್ನೆರಡು ಬೇಲಿಯಾಚೆ ಕಾಯುತ್ತಿದ್ದವು. ಪಂಪ್‌ಹೌಸಿನ ಮೇಲಿಂದ ದಪ್ಪ ಪೈಪು ಇಳಿಬಿಟ್ಟಿದ್ದರು. ಒಬ್ಬ ಹುಡುಗ ಟ್ಯಾಂಕಿನ ಮೇಲೆ ಕೂತು, ಆ ಪೈಪನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದುಕೊಂಡು ಮೊಬೈಲ್ ನೋಡುತ್ತಿದ್ದ. ಕೆಳಗೆ ಸೋರಿದ ನೀರಿಗೆ ಅಷ್ಟು ಜಾಗ ಕೆಸರಾಗಿ, ಅಲ್ಲಿ ಮಾತ್ರ ಹಸಿರು ಗರಿಕೆ ಬಂದಿತ್ತು. ಮಿಕ್ಕ ಎರಡು ಎಕರೆಯಲ್ಲಿ ಏನೂ ಇಲ್ಲ, ಒಣಗಿದ ಪಾರ್ಥೇನಿಯಂ. ಮಾವ ಪಂಪ್‌ಹೌಸಿನ ಕಟ್ಟೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆ ಮೇಲೆ ಒಂದು ಹಳೇ ನೋಟ್‌ಬುಕ್. ಟ್ಯಾಂಕರ್ ಹೊರಟ ಕೂಡಲೇ ಒಂದು ಗೀಟು, ನಾಲ್ಕು ಗೀಟಾದ ಮೇಲೆ ಅಡ್ಡಕ್ಕೊಂದು. ಪುಟ ತಿರುಗಿಸಿದಾಗ ನೋಡಿದೆ, ಹಿಂದಿನ ಪುಟಗಳಲ್ಲಿ ಡೇರಿಗೆ ಹಾಕಿದ ಹಾಲಿನ ಲೆಕ್ಕ ಇತ್ತು, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಅಂತ. ಅದೇ ನೋಟ್‌ಬುಕ್, ಅದೇ ಪೆನ್ನು ಇದ್ದರೂ ಇರಬಹುದು.

‘ಬಾರಮ್ಮ’ ಅಂದರು. ಅತ್ತೆಗೆ ಫೋನ್ ಮಾಡಿ ಕಾಫಿ ಕಳಿಸು ಅಂದರು. ಅಮ್ಮ ಹೇಗಿದ್ದಾಳೆ ಅಂತ ಕೇಳಲಿಲ್ಲ.

ಬೋರು 1,250 ಅಡಿ. ಎರಡಿಂಚು ನೀರು. ತಾತ 1994ರಲ್ಲಿ ಇದೇ ಹೊಲದಲ್ಲಿ ಹಾಕಿಸಿದ ಮೊದಲ ಬೋರು 180 ಅಡಿಗೇ ಉಕ್ಕಿತ್ತು, ಅವತ್ತು ತೆಂಗಿನಕಾಯಿ ಒಡೆದದ್ದು ನನಗೂ ನೆನಪಿದೆ. ಈಗಿನದಕ್ಕೆ ಮುಂಚೆ ಮೂರು ಫೇಲಾದವು. ದಿನಕ್ಕೆ ಹದಿನೈದು ಲೋಡು, ಲೋಡಿಗೆ ಮಾವನಿಗೆ ಸಿಗೋದು 250 ರೂಪಾಯಿ. ಮಿಕ್ಕದ್ದು ಟ್ಯಾಂಕರ್ ಓನರ್‌ದು. ಅಂದರೆ ದಿನಕ್ಕೆ 3,750. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,846 ರೂಪಾಯಿ ಇತ್ತು. ಎಕರೆಗೆ ಹತ್ತು ಕ್ವಿಂಟಲ್ ಬಂದರೆ ನಮ್ಮ ಕಡೆ ಒಳ್ಳೇ ಬೆಳೆ. ಮಾವ ಬೆರಳಲ್ಲಿ ಎಣಿಸಿ ತೋರಿಸಿದರು: ಒಂದೆಕರೆ ರಾಗಿ ಬಿತ್ತಿ, ಕಳೆ ಕಿತ್ತು, ಹಂದಿ ಕಾದು, ಕೊಯ್ದು, ಒಕ್ಕಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಎರಡು ರಾತ್ರಿ ಮಲಗಿದರೆ ಬರುವ ದುಡ್ಡು ಇಲ್ಲಿ ಹತ್ತು ದಿನಕ್ಕೆ ಬರುತ್ತೆ. ಅದೂ ಖರ್ಚು ಕಳೆಯದೆ. ‘ನೀನೇ ಹೇಳಮ್ಮ, ಓದಿದೀಯ’ ಅಂದರು. ನಾನೇನು ಹೇಳಲಿ? ಕರೆಂಟಿನ ವಿಷಯ ಕೇಳಬೇಕು ಅಂತ ನಾಲಿಗೆ ತುದಿಗೆ ಬಂತು. ರೈತರ ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಕರೆಂಟು ಫ್ರೀ, ಆದರೆ ನೀರು ಮಾರುವವರಿಗಲ್ಲ. ಕೇಳುವ ಮುಂಚೆಯೇ ಮಾವ ‘ಮೀಟರ್ ಹಾಕ್ಸಿದೀನಿ’ ಅಂದರು. ಮೀಟರ್ ಎಲ್ಲಿದೆ ಅಂತ ನಾನು ಹುಡುಕಲು ಹೋಗಲಿಲ್ಲ.

ಕೊಳಗ, ಗುಂಟೆ, ಅಡಿ

ಮಾವ ನೀರು ಮಾರುತ್ತಿರೋದಕ್ಕೆ ಕಾರಣ ಆಸೆಯೊಂದೇ ಅಲ್ಲ. ಆ ಎರಡು ಎಕರೆಯನ್ನು ಮಾರುವಂತಿಲ್ಲ. ಮಾರಂಗಿದ್ದರೆ ಅಲ್ಲಿ ಈ ಹೊತ್ತಿಗೆ ವಿಲ್ಲಾಗಳಿರುತ್ತಿದ್ದವು.

ಅಜ್ಜಿಯ ಬಾಯಲ್ಲಿ ಆ ಹೊಲ ‘ಮೂರು ಕೊಳಗದ ಹೊಲ’. ಎಷ್ಟು ಬೀಜ ಬೀಳುತ್ತೋ ಅಷ್ಟು ಹೊಲ. ತಾತನ ಬಾಯಲ್ಲಿ ಅದು ಎರಡು ಎಕರೆ ನಾಲ್ಕು ಗುಂಟೆ, ಪಹಣಿಯಲ್ಲಿ ಇದ್ದ ಹಾಗೆ. ಒಂದು ದಿನ ಬಿಳಿ ಕಾರಿನಲ್ಲಿ ಬಂದವರು ಅಡಿ ಲೆಕ್ಕದಲ್ಲಿ ಮಾತಾಡಿದರು. ಗುಂಟೆಗೆ 1,089 ಚದರಡಿ. ಕೂತಲ್ಲೇ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ಮಾವನಿಗೆ ತೋರಿಸಿದರಂತೆ, ಸೊನ್ನೆಗಳು ಪರದೆ ದಾಟಿ ಹೋದವಂತೆ. ಅಳತೆ ಚಿಕ್ಕದಾದಷ್ಟೂ ಬೆಲೆ ದೊಡ್ಡದಾಗುತ್ತೆ. ಮತ್ತೆ, ಅಳತೆ ಚಿಕ್ಕದಾದಷ್ಟೂ ಯಾರ ಪಾಲು ಎಷ್ಟು ಅನ್ನೋ ಪ್ರಶ್ನೆ ಹುಟ್ಟುತ್ತೆ. ಮೂರು ಕೊಳಗದ ಹೊಲದಲ್ಲಿ ಹೆಣ್ಮಕ್ಕಳು ಪಾಲು ಕೇಳಿದ್ದು ನಮ್ಮೂರ ಕಡೆ ನಾನು ಕೇಳಿಲ್ಲ. ಅವರಿಗೆ ಅದು ಬೇಡ ಅಂತಲ್ಲ. ಕೇಳಿದರೆ ತವರು ಹೋಗುತ್ತೆ, ಸಿಗೋದು ಹತ್ತು ಪಲ್ಲ ರಾಗಿ. ಲೆಕ್ಕ ಕೂಡುತ್ತಿರಲಿಲ್ಲ, ಅಷ್ಟೇ.

ಅಮ್ಮನ ಮದುವೆ 1983ರಲ್ಲಿ. ಚಿಕ್ಕಮ್ಮನದು 1991ರಲ್ಲಿ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಬಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾದವರಿಗೆ ಅದು ಇರಲಿಲ್ಲ. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ. ಹಾಗಾಗಿಯೇ ಆ ಬಿಳಿ ಕಾರಿನವರು ಮೊದಲು ಕೇಳಿದ್ದು ‘ಹೆಣ್ಮಕ್ಕಳ ಸಹಿ ಆಗುತ್ತಾ?’ ಅಂತ.

2013ರಲ್ಲಿ ಅಮ್ಮ ಸಹಿ ಹಾಕಿದಳು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜೊತೆಗೆ ಹೋಗಿದ್ದೆ. ಮಾವ ಬೆಳಿಗ್ಗೆಯೇ ಬಂದು ಕರೆದುಕೊಂಡು ಹೋದರು, ದಾರಿಯಲ್ಲಿ ಇಡ್ಲಿ ಕೊಡಿಸಿದರು, ಅಮ್ಮನಿಗೆ ಇಷ್ಟ ಅಂತ ಕಡ್ಲೆಕಾಯಿ ಚಟ್ನಿ ಎರಡು ಸಲ ಹಾಕಿಸಿದರು. ಅಷ್ಟು ಪ್ರೀತಿಯಿಂದ ಅವರು ಅಮ್ಮನನ್ನು ನಡೆಸಿಕೊಂಡದ್ದನ್ನು ನಾನು ನೋಡಿರಲಿಲ್ಲ, ಅದರಲ್ಲಿ ಸುಳ್ಳಿತ್ತು ಅಂತಲೂ ನನಗೆ ಅನ್ನಿಸೋದಿಲ್ಲ. ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರ ಗುಂಪುಗಳ ಮಧ್ಯೆ ಅಲ್ಲಲ್ಲಿ ಇಬ್ಬರು ಮೂವರು ಹೆಂಗಸರು, ಎಲ್ಲರೂ ಮದುವೆಗೆ ಹೊರಟ ಹಾಗೆ ಸೀರೆ ಉಟ್ಟವರು, ಎಲ್ಲರೂ ಅಕ್ಕತಂಗಿಯರು. ಒಳಗೆ ಕ್ಯಾಮೆರಾ ಮುಂದೆ ಕೂರಿಸಿ ಫೋಟೊ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಅಮ್ಮ ಹಿಂದಿನ ರಾತ್ರಿ ಕ್ಯಾಲೆಂಡರಿನ ಹಿಂದೆ ಸಹಿ ಅಭ್ಯಾಸ ಮಾಡಿದ್ದಳು. ಆದರೂ ಕೊನೇ ಪುಟದ ಸಹಿ ಬೇರೆ ಥರ ಬಂತು. ಎರಡು ಲಕ್ಷದ ಚೆಕ್ಕು, ಒಂದು ರೇಷ್ಮೆ ಸೀರೆ. ಮನೆಗೆ ಬಂದ ಮೇಲೆ ಪತ್ರದ ನಕಲು ತಿರುವಿ ಹಾಕುತ್ತಾ ಅಮ್ಮ ಹೇಳಿದ್ದು ಒಂದೇ ಮಾತು: ‘ಮದ್ವೆ ಆದ್ಮೇಲೆ ನಮ್ಮಪ್ಪನ ಹೆಸ್ರಿನ ಜೊತೆ ನನ್ನೆಸ್ರು ಬರ್ದಿರೋದು ಇದೇ ಮೊದ್ಲು ಕಣೇ.’

ಚಿಕ್ಕಮ್ಮ ಸಹಿ ಹಾಕಲಿಲ್ಲ. ಪಾರ್ಟಿಷನ್ ಕೇಸು ಹಾಕಿ ಸ್ಟೇ ತಂದರು. ಮಾವನ ಮನೆಯಲ್ಲಿ ಅವರ ಹೆಸರು ಎತ್ತುವಂತಿಲ್ಲ. ಸಹಿ ಹಾಕಿದ ಅಮ್ಮನನ್ನೂ ಊರಹಬ್ಬಕ್ಕೆ ಕರೆಯೋದು ನಿಲ್ಲಿಸಿದರು, ಯಾಕಂದರೆ ಅವಳು ತಂಗಿಯ ಜೊತೆ ಮಾತು ಬಿಡಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ಅಪ್ಪ ಬದುಕಿದ್ದರೋ ಇಲ್ಲವೋ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳಿದಾಗ ಚಿಕ್ಕಮ್ಮ ಅಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಅಮ್ಮ ಹ್ಞೂಂ ಹ್ಞೂಂ ಅನ್ನುತ್ತಿದ್ದಳು. ತಾತ ತೀರಿಕೊಂಡದ್ದು 2009ರಲ್ಲಿ, ಚಿಕ್ಕಮ್ಮನಿಗೆ ಆ ತೀರ್ಪಿನ ಅಗತ್ಯವೇ ಇರಲಿಲ್ಲ ನಿಜ ಹೇಳಬೇಕಂದರೆ. ಆದರೆ ಗೆದ್ದಷ್ಟು ಖುಷಿಯಾಗಿದ್ದರು.

ಅವತ್ತು ಪಂಪ್‌ಹೌಸ್ ಕಟ್ಟೆ ಮೇಲೆ ಮಾವ ಹೇಳಿದ್ದು ಇದನ್ನೇ. ‘ಮಣ್ ಮಾರಂಗಿಲ್ಲ ಅಂತ ಕೋರ್ಟು ಹೇಳೈತೆ. ಕಟ್ಟಂಗಿಲ್ಲ ಅಂತಾನೂ ಹೇಳೈತೆ. ನೀರಿನ್ ಬಗ್ಗೆ ಏನೂ ಹೇಳಿಲ್ವಲ್ಲ. ನೀರಿಗೆ ಯಾರ್ ಸಹಿನೂ ಬೇಡ ಕಣಮ್ಮ.’

ಎಷ್ಟೋ ದಿನ ಇದು ನನ್ನ ತಲೆಯಲ್ಲಿ ಕೊರೆಯಿತು. ಹೌದಲ್ವಾ? ಮೇಲಿನ ಮಣ್ಣಿಗೆ ಪಹಣಿ, ಮ್ಯುಟೇಷನ್, ಸ್ಕೆಚ್, ಖಾತೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಒಂದಡಿ ಅತ್ತಿತ್ತ ಆದರೆ ತಲೆ ಒಡೆದುಕೊಳ್ಳುತ್ತಾರೆ. ಅದರಡಿಯ ನೀರಿಗೆ ಏನೂ ಇಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ನಡೆದುಬಂದ ಲೆಕ್ಕ: ನೆಲ ಯಾರದೋ, ಅಡಿಯ ನೀರನ್ನು ಎತ್ತುವ ಹಕ್ಕೂ ಅವರದು. 2011ರಲ್ಲಿ ರಾಜ್ಯ ಅಂತರ್ಜಲಕ್ಕೆ ಅಂತ ಒಂದು ಕಾಯ್ದೆ ಮಾಡಿದೆ, ಕೊರೆಯುವ ಮುಂಚೆ ಅನುಮತಿ ಕೇಳಬೇಕು. ಆನೇಕಲ್ ಅಂತೂ ಅತಿಬಳಕೆಯ ಪಟ್ಟಿಯಲ್ಲಿದೆ. ಆದರೆ ಒಮ್ಮೆ ನೀರು ಬಿದ್ದ ಮೇಲೆ ಪಕ್ಕದ ಹೊಲದವನನ್ನು ಕೇಳುವ ರೂಢಿ ಯಾರಿಗೂ ಇಲ್ಲ. ಮಾವನ ಪಕ್ಕದ ಹೊಲದವರು ಟೊಮೆಟೊ ಹಾಕುತ್ತಿದ್ದರು. 700 ಅಡಿಯ ಅವರ ಬೋರು ಆ ಬೇಸಿಗೆ ಗಾಳಿ ಉಗುಳಿತು. ಅವರೀಗ ಒಂದು ಲೇಔಟಿನಲ್ಲಿ ಸೆಕ್ಯುರಿಟಿ. ಮಾವನ ನೀರಿನಿಂದಲೇ ಹಾಗಾಯಿತು ಅಂತ ಸಾಬೀತು ಮಾಡೋಕಾಗಲ್ಲ, ಆಗಿಲ್ಲ ಅಂತಲೂ ಆಗಲ್ಲ. ಇಬ್ಬರೂ ಈಗಲೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರೆ.

ಚಿಕ್ಕಮ್ಮನಿಗೆ ವಿಷಯ ಹೇಗೋ ತಲುಪಿತು. ‘ಜಮೀನಲ್ಲಿ ನನಗೆ ಪಾಲಿದ್ರೆ ನೀರಿನ ದುಡ್ಡಲ್ಲೂ ಇರ್ಬೇಕು ತಾನೇ?’ ಅಂತ ಲಾಯರನ್ನು ಕೇಳಿದರಂತೆ. ಕೇಳಬಹುದು, ಆದರೆ ಎಷ್ಟು ಲೋಡು ಹೋಗಿದೆ ಅಂತ ತೋರಿಸೋದು ಹೇಗೆ ಅಂದರಂತೆ ಅವರು. ಆಮೇಲೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ಅದೂ ಇದೂ ಮಾತಾಡಿ, ಕೊನೆಗೆ, ‘ಅಣ್ಣ ಲೆಕ್ಕಗಿಕ್ಕ ಏನಾರ ಬರ್ದಿಡ್ತಾನೇನೇ?’ ಅಂದರು. ನನಗೆ ಆ ಗೀಟುಗಳು ಕಣ್ಣ ಮುಂದೆ ಬಂದವು. ಗೊತ್ತಿಲ್ಲ ಚಿಕ್ಕಮ್ಮ ಅಂದೆ. ಈಗ ಇಲ್ಲಿ ಬರೆದರೆ ಹೇಳಿದ ಹಾಗೇ ಆಯ್ತಲ್ಲ ಅಂತ ನೀವು ಕೇಳಬಹುದು. ಚಿಕ್ಕಮ್ಮ ನಾನು ಬರೆದದ್ದನ್ನು ಓದೋದಿಲ್ಲ. ಅವರ ಮಗ ಓದುತ್ತಾನೆ.

ವರ್ಷವಿಡೀ ತುಂಬಿದ ಕೆರೆ

1,250 ಅಡಿ ಆಳದಿಂದ ನೀರೆತ್ತುವ ಊರಿನ ಕೆರೆ ತುಂಬಿದೆ. ಏಪ್ರಿಲ್‌ನಲ್ಲೂ ತುಂಬಿತ್ತು. ನನ್ನ ಬಾಲ್ಯದ ಬೇಸಿಗೆ ರಜೆಗಳಲ್ಲಿ ಅದನ್ನು ಹಾಗೆ ನೋಡಿದ ನೆನಪಿಲ್ಲ. ಯುಗಾದಿ ಹೊತ್ತಿಗೆ ಕೆರೆ ತಳ ಕಾಣುತ್ತಿತ್ತು, ಬಿರುಕು ಬಿಟ್ಟ ಗೋಡಿನ ಮೇಲೆ ನಾವು ಓಡಾಡುತ್ತಿದ್ದೆವು. ಗಾಡಿ ಕಟ್ಟಿಕೊಂಡು ಬಂದು ಆ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು, ಗೊಬ್ಬರದ ಥರ. ಬತ್ತೋದೂ ಕೆರೆಯ ಕೆಲಸದಲ್ಲಿ ಒಂದಾಗಿತ್ತು. ಈಗ ಅದು ಬತ್ತೋದೇ ಇಲ್ಲ. ಮೇಲ್ಗಡೆ ಬಂದ ಲೇಔಟುಗಳ ಕೊಳಚೆ ರಾಜಕಾಲುವೆಯಲ್ಲಿ ಹಗಲೂ ರಾತ್ರಿ ಇಳಿಯುತ್ತದೆ, ರಾತ್ರಿ ಹನ್ನೊಂದರ ಮೇಲೆ ಪಿಟ್ ಖಾಲಿ ಮಾಡುವ ಲಾರಿಗಳು ಏರಿ ಮೇಲೆ ಬಂದು ಲೈಟು ಆರಿಸಿ ನಿಲ್ಲುತ್ತವೆ. ನೀರಿನ ಮೇಲೆ ಅಂತರಗಂಗೆ ಚಾಪೆ ಹಾಸಿದ ಹಾಗೆ. ದೂರದಿಂದ ಫೋಟೊ ತೆಗೆದರೆ ಎಷ್ಟು ಹಸಿರು ಅನ್ನಬೇಕು. ಒಂದು ಲೇಔಟಿನ ಜಾಹೀರಾತಿನಲ್ಲಿ ‘ಕೆರೆ ನೋಟದ ಸೈಟುಗಳು’ ಅಂತ ಇದೇ ಫೋಟೊ ಇದೆ.

ನಮ್ಮ ಅಪಾರ್ಟ್‌ಮೆಂಟಿನದು ಆ ಕೆರೆಗೆ ಬರೋದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ನಮ್ಮದು ಬಡಗಲಿಗೆ ಹರಿದು ವರ್ತೂರು ಕಡೆ ಹೋಗುತ್ತದೆ, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ಹೊಸೂರಿನ ಕೆಲವರಪಳ್ಳಿ ಜಲಾಶಯ. ಬೆಳ್ಳಂದೂರಲ್ಲಿ ನೊರೆ ಎದ್ದು, ಕೆರೆಗೇ ಬೆಂಕಿ ಬಿದ್ದದ್ದು 2017ರಲ್ಲಿ ಟಿವಿಯಲ್ಲೆಲ್ಲ ಬಂತಲ್ಲ, ಅದೇ ಸಾಲು. ನಮ್ಮಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಅದನ್ನು ಪೂರ್ತಿ ಓಡಿಸಿದರೆ ತಿಂಗಳ ಕರೆಂಟು ಬಿಲ್ಲು ಎಷ್ಟಾಗುತ್ತೆ ಅನ್ನೋ ಚರ್ಚೆ ಪ್ರತಿ ವಾರ್ಷಿಕ ಸಭೆಯಲ್ಲೂ ಆಗುತ್ತೆ. ಮಳೆ ಬಂದ ರಾತ್ರಿ ಮೋಟಾರಿನ ಸದ್ದು ಕೇಳೋದಿಲ್ಲ. ಇಷ್ಟು ಸಾಕು.

ಆ ಡ್ರೈವರ್ ಹುಡುಗನನ್ನು ಆಮೇಲೆ ಮೂರು ನಾಲ್ಕು ಸಲ ಮಾತಾಡಿಸಿದೆ. ಊರ ಕಾಲೋನಿಯವನು. ‘ಅಕ್ಕ, ನಮ್ ತಾತ ಗೊತ್ತಲ್ವಾ, ತೂಬು ಎತ್ತೋರು’ ಅಂದ. ಗೊತ್ತಿಲ್ಲದೆ ಏನು. ನೀರುಗಂಟಿ ತಾತ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟು ಕೆರೆಗೆ ಅರ್ಧ ನೀರೂ ಬಂದಿರಲಿಲ್ಲ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿದ್ದರು. ಆತ ತೂಬಿನ ಕಲ್ಲಿಗೆ ಎಷ್ಟು ನೀರಿದೆ ಅಂತ ತನ್ನ ಎದೆಮಟ್ಟ, ಸೊಂಟಮಟ್ಟ ಕೈಯಿಟ್ಟು ತೋರಿಸಿದ. ಇಷ್ಟು ನೀರಿಗೆ ಇಷ್ಟೇ ಗದ್ದೆ ಅಂದ. ಎಲ್ಲರೂ ಅರ್ಧರ್ಧ ನಾಟಿ ಮಾಡೋದು ಅಂತಾಯಿತು, ನಮ್ಮ ತಾತನೂ ಸೇರಿ. ಗೊಣಗಿದರು, ಆದರೆ ಮೀರಲಿಲ್ಲ. ರಾತ್ರಿ ಯಾರಾದರೂ ಕಾಲುವೆ ಒಡೆದರೆ ಬೆಳಿಗ್ಗೆ ಆತ ಮನೆ ಮುಂದೆ ಬಂದು ನಿಲ್ಲುತ್ತಿದ್ದ, ಅಷ್ಟರಲ್ಲೇ ಮಾನ ಹೋಗುತ್ತಿತ್ತು. ಸುಗ್ಗಿಯಲ್ಲಿ ಕಣದಿಂದ ಆತನ ಪಾಲು ಮೊರದಲ್ಲಿ ಅಳೆದು ಹಾಕುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಹಳ್ಳಿ ಎಷ್ಟು ಚೆನ್ನಾಗಿತ್ತು ಅನ್ನೋ ಬರಹವಾಗುತ್ತೆ. ಆದರೆ ಅದೇ ಕಣದ ಪಕ್ಕದಲ್ಲಿ, ಬಾಯಾರಿ ನೀರು ಕೇಳಿದ ಆತನ ಬೊಗಸೆಗೆ ಅಜ್ಜಿ ಮೇಲಿನಿಂದ ಸುರಿದದ್ದನ್ನೂ ನೋಡಿದ್ದೇನೆ. ಊರಿಗೆಲ್ಲ ನೀರು ಹಂಚುವವನು ಊರ ಸೇದುಬಾವಿ ಮುಟ್ಟುವಂತಿರಲಿಲ್ಲ. ಮೊಮ್ಮಗ ಈಗ ನಮ್ಮ ಗೇಟಿನ ಒಳಗೆ ಬಂದು, ನಮ್ಮ ಸಂಪಿನ ಮುಚ್ಚಳ ತಾನೇ ತೆಗೆದು, ಪೈಪು ಬಿಟ್ಟು, ಸೆಕ್ಯುರಿಟಿಯವರ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾನೆ. ತಿಂಗಳಿಗೆ 18,000. ಅವನ ಹೆಂಡತಿ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆ ಕೆಲಸ. ಕಾಲೋನಿಯವರಿಗೆ ಮಾರಲು ಜಮೀನಿರಲಿಲ್ಲ. ಜಮೀನು ಮಾರಿದವರ ಹೊಲದಲ್ಲಿ ಇದ್ದ ಕೂಲಿ ಹೋಯಿತು, ಬಿಳಿ ಕಾರಿನವರು ಅವರ ಮನೆ ಮುಂದೆ ನಿಲ್ಲಲಿಲ್ಲ. ‘ಊರು ಹಾಳಾಯ್ತು ಅಂತಾರಲ್ಲ, ಏನನ್ನಿಸುತ್ತೆ?’ ಅಂದೆ. ‘ಯಾರ್ ಊರಕ್ಕ?’ ಅಂದ.

ಅವನ ತಾಯಿಯನ್ನು ಕೆರೆಯಲ್ಲಿ ನೋಡಿದೆ, ಅದೇ ಏಪ್ರಿಲ್ ಭಾನುವಾರ. ಮೊಣಕಾಲುದ್ದ ಕಪ್ಪು ನೀರಲ್ಲಿ ನಿಂತು ಕುಡುಗೋಲಲ್ಲಿ ಹೊನಗೊನ್ನೆ ಕೊಯ್ಯುತ್ತಿದ್ದರು. ಗೊಬ್ಬರದ ಚೀಲವನ್ನು ಕಾಲಿಗೆ ಸುತ್ತಿ ದಾರ ಕಟ್ಟಿದ್ದರು, ಆದರೂ ಮೇಲಕ್ಕೆಲ್ಲ ಗುಳ್ಳೆ. ಮನೆಯಲ್ಲಿ ಎರಡು ಸೀಮೆಹಸು. ಮೇಯಿಸಲು ಗೋಮಾಳ ಇಲ್ಲ, ಹುಲ್ಲು ಬೆಳೆಯುವ ಬದುಗಳೂ ಇಲ್ಲ. ಆ ಸೊಪ್ಪು ಟಿವಿಎಸ್ ಮೇಲೆ ಹೊರೆಯಾಗಿ ಹೋಗುತ್ತೆ, ಹಾಲು ಸಂಜೆ ಡೇರಿಗೆ ಹೋಗುತ್ತೆ. ‘ಇದನ್ನ ತಿಂದ್ರೆ ಹಾಲು ಜಾಸ್ತಿ ಕೊಡ್ತಾವೆ ಕಣವ್ವ’ ಅಂದರು. ಡೇರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಎಷ್ಟು ಬರುತ್ತೆ ಅಂತ ಕೇಳಿದ್ದಕ್ಕೆ, ‘ಕಮ್ಮಿ’ ಅಂತ ನಕ್ಕರು.

ಕಸದ ಬಗ್ಗೆ ಜಾಸ್ತಿ ಬರೆಯೋದಿಲ್ಲ, ಬೆಂಗಳೂರಿನ ಸುತ್ತ ಇರುವವರಿಗೆಲ್ಲ ಗೊತ್ತಿರೋದೇ. ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯೋದು 2012ರಲ್ಲಿ ನಿಂತಿತು, ಹೊರೆ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು ರಸ್ತೆಗಿಳಿದು 2014ರ ಕೊನೆಗೆ ನಿಲ್ಲಿಸಿದರು, ಹೊರೆ ಇನ್ನೊಂದು ಕಡೆ ಹೋಯಿತು. ಆದರೆ ಅಷ್ಟು ದೊಡ್ಡ ಗುಡ್ಡೆಗಳಲ್ಲದೆ ಹೆಸರಿಲ್ಲದ ಚಿಕ್ಕ ಗುಡ್ಡೆಗಳಿವೆಯಲ್ಲ, ಅವು ಎಲ್ಲಿ ಹುಟ್ಟುತ್ತವೆ ಅಂತ ಗಮನಿಸಿ. ಸರಿಯಾಗಿ ಗೆರೆಯ ಮೇಲೆ. ಪಾಲಿಕೆಯ ಆಟೊ ಗೆರೆಯವರೆಗೆ ಬಂದು ತಿರುಗುತ್ತದೆ, ಪಂಚಾಯಿತಿಯ ಒಂದೇ ಟ್ರ್ಯಾಕ್ಟರ್ ಆ ತುದಿಗೆ ಬರೋದಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವವರು ಬೈಕಿನಿಂದ ಕವರು ಎಸೆಯುತ್ತಾರೆ, ಮಾಂಸದಂಗಡಿಯವರು ರಾತ್ರಿ ಮೂಟೆ ಇಳಿಸುತ್ತಾರೆ, ನಾಯಿ ಸೇರುತ್ತವೆ, ಯಾರೋ ಬೆಂಕಿ ಹಚ್ಚುತ್ತಾರೆ. ಮಾವನ ಊರಿಗೆ ತಿರುಗುವ ಕಡೆ ಅಂಥದ್ದೊಂದಿದೆ. ಬಸ್ಸಿನ ಕಂಡಕ್ಟರ್ ಆ ಸ್ಟಾಪಿಗೆ ಬೇರೆ ಹೆಸರೇ ಇಟ್ಟಿದ್ದಾನೆ.

ಅವತ್ತು ಹೊರಡುವಾಗ ಮಾವನಿಗೆ ದೇವನಹಳ್ಳಿ ಕಡೆಯ ಮಾತು ತೆಗೆದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಕೊಡಲ್ಲ ಅಂತ 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರಲ್ಲ, ಅದು. (2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು, ಗೊತ್ತಿದೆ.) ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅವ್ರತ್ರ ಸರ್ಕಾರ ಕಿತ್ಕೊಳಕ್ಕೆ ಬಂತು, ಎದ್ರು ನಿಂತ್ರು. ನಮ್ಮತ್ರ ಯಾರೂ ಕಿತ್ಕೊಳಕ್ಕೆ ಬರ್ಲಿಲ್ಲ. ಟೀ ಕುಡ್ಸುದ್ರು, ಕಾಸ್ ಕೊಟ್ರು. ನಾವ್ ಯಾರ್ ಮುಂದೆ ಹೋಗಿ ಕೂಗಾದು?’

ಹಬ್ಬ ಯಾವತ್ತಂತೆ

ಕಾವೇರಿ ಐದನೇ ಹಂತಕ್ಕೆ 2024ರ ಅಕ್ಟೋಬರಿನಲ್ಲಿ ಚಾಲನೆ ಸಿಕ್ಕಿತು. 110 ಹಳ್ಳಿಗಳಿಗೆ ಅಂತಲೇ ದಿನಕ್ಕೆ 775 ದಶಲಕ್ಷ ಲೀಟರ್. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಮೂರು ಕಡೆ ಪಂಪು ಮಾಡಿ ಮೇಲೆತ್ತಿದ ನೀರು. ನಮ್ಮ ಅಪಾರ್ಟ್‌ಮೆಂಟಿನವರು ಠೇವಣಿ ಜಾಸ್ತಿ ಅಂತ ವರ್ಷ ಎಳೆದಾಡಿ ಕೊನೆಗೆ ಸಂಪರ್ಕ ತಗೊಂಡರು. ಏಳು ಟ್ಯಾಂಕರ್ ಎರಡಕ್ಕೆ ಇಳಿಯಿತು. ಗೆರೆಯಾಚೆ ಮಾವನ ಊರಿಗೆ ಆ ನೀರಿಲ್ಲ. ಅಲ್ಲಿ ಪಂಚಾಯಿತಿಯ ನಲ್ಲಿ ವಾರಕ್ಕೆ ಎರಡು ಸಲ, ಕುಡಿಯೋಕೆ ಐದು ರೂಪಾಯಿ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಘಟಕ.

ಈ ಸಲ ಯುಗಾದಿ ಕಳೆದ ವಾರ ಫೋನ್ ಬಂತು. ಪರದೆ ಮೇಲೆ ‘ಮಾವ’ ಅಂತ ಬಂದದ್ದು ಎಷ್ಟು ದಿನದ ಮೇಲೋ. ‘ಏನಮ್ಮ, ಚೆನ್ನಾಗಿದೀಯಾ’ ಅಂದರು. ಮಳೆ, ಬಿಸಿಲು, ಅತ್ತೆಯ ಮೊಣಕಾಲು ಎಲ್ಲ ಆಯಿತು. ಆಮೇಲೆ, ‘ನಿಮ್ಮೋರು ಟ್ಯಾಂಕರ್ ಕಮ್ಮಿ ಮಾಡವ್ರಂತಲ್ಲ. ಸುತ್ತ ಎಲ್ಲಾ ಕಡೆ ಹಂಗೇ ಆಗೈತೆ. ಈ ಬೋರಿಗ್ ಹಾಕ್ಸಿರೋ ಸಾಲಾನೇ ಇನ್ನೂ ತೀರಿಲ್ಲ. ನೀನೊಂದ್ ಮಾತು ಕಮಿಟಿಯೋರ್ಗೆ ಹೇಳು, ರೇಟು ನೋಡ್ಕೊಂಡು ಮಾಡ್ಕೊಡಾನ’ ಅಂದರು. ಬೇರೆಯವರಿಗೆ ಕೊಡುವ ದರಕ್ಕಿಂತ ನೂರು ರೂಪಾಯಿ ಕಮ್ಮಿ. ಕೇಳ್ತೀನಿ ಮಾವ ಅಂದೆ. ಇನ್ನೇನಾದರೂ ಹೇಳುತ್ತಾರೇನೋ ಅಂತ ಒಂದು ಗಳಿಗೆ ಹಿಡಿದುಕೊಂಡಿದ್ದೆ. ಹಿಂದೆ ಪಂಪಿನ ಸದ್ದಿರಲಿಲ್ಲ. ಇಟ್ಟುಬಿಟ್ಟರು.

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ‘ಯಾರೇ, ಅಣ್ಣನಾ?’ ಅಂದಳು.

ಹ್ಞೂಂ ಅಂದೆ.

‘ಹಬ್ಬ ಯಾವತ್ತಂತೆ?’

ಇನ್ನೂ ಗೊತ್ತಾಗಿಲ್ಲವಂತೆ ಅಂದೆ. ಅಮ್ಮ ನಲ್ಲಿ ನಿಲ್ಲಿಸಿದಳು. ‘ಯುಗಾದಿ ಆಗಿ ವಾರ ಆಯ್ತಲ್ಲೇ’ ಅಂದಳು, ಮತ್ತೆ ನಲ್ಲಿ ತಿರುಗಿಸಿದಳು.